ಕರುಳಿಗೆ ಶೇಕಡಾವಾರು ಇಲ್ಲ

ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯ ಎಂಡೋಸಲ್ಫಾನ್ ಕೀಟನಾಶಕ ಪೀಡಿತರ ಬದುಕು ಒಂದು ಅಂಕಿಗೆ ಕಟ್ಟುಬಿದ್ದಿದೆ. ಅಂಗವಿಕಲತೆಯ ಪ್ರಮಾಣಪತ್ರದಲ್ಲಿ ವೈದ್ಯರು ಬರೆಯುವ ಶೇಕಡಾ ಅಂಕಿ ಅದು. ಶೇ. 60 ದಾಟಿದವರಿಗೆ ತಿಂಗಳಿಗೆ 3,000 ರೂಪಾಯಿ, ಶೇ. 25ರಿಂದ 60ರೊಳಗಿನವರಿಗೆ 1,500 ರೂಪಾಯಿ ಎಂಬ ಲೆಕ್ಕದಲ್ಲಿ ಮಾಸಾಶನ ಬಹುಕಾಲ ನಡೆದುಬಂತು. ಸೊಟ್ಟಗಾದ ಕೈಕಾಲಿಗೆ ಅಳತೆಯಿದೆ, ಹೋದ ದೃಷ್ಟಿಗೆ ಅಳತೆಯಿದೆ, ಬೆಳೆಯದ ಬುದ್ಧಿಗೂ ಅಳತೆಯಿದೆ. ಹೊಟ್ಟೆಯೊಳಗಿನದಕ್ಕೆ ಇಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳ ಪಟ್ಟಿಯಿದೆ. ಹಿಂದಿನ ಕಾನೂನಿಗಿಂತ ಇದು ಎಷ್ಟೋ ಉದಾರ. ಹಿಮೋಫಿಲಿಯಾ, ಥಲಸ್ಸೇಮಿಯಾದಂಥ ರಕ್ತದ ಕಾಯಿಲೆಗಳು ಸೇರಿವೆ, ಪಾರ್ಕಿನ್ಸನ್ ಸೇರಿದೆ, ಆಸಿಡ್ ದಾಳಿಗೆ ಒಳಗಾದವರೂ ಸೇರಿದ್ದಾರೆ. ಕರುಳಿನ ದೀರ್ಘಕಾಲದ ಉರಿಯೂತ ಮಾತ್ರ ಎಲ್ಲಿಯೂ ಕಾಣುವುದಿಲ್ಲ. ದಿನಕ್ಕೆ ಹತ್ತು ಸಲ ಪಾಯಿಖಾನೆಗೆ ಓಡುವವನು, ಪ್ರತಿ ಸಲವೂ ರಕ್ತ ಕಾಣುವವನು, ಬಸ್ಸಿನಲ್ಲಿ ಬೆಳ್ತಂಗಡಿಯಿಂದ ಬಂಟ್ವಾಳದವರೆಗೆ ಹೋಗುವ ಧೈರ್ಯವಿಲ್ಲದೆ ಕೆಲಸ ಬಿಟ್ಟವನು ಕಾಗದದ ಮಟ್ಟಿಗೆ ಆರೋಗ್ಯವಂತ.

ಕಣ್ಣಿಗೆ ಕಂಡದ್ದನ್ನು ಮಾತ್ರ ಲೆಕ್ಕ ಹಾಕಿದ ಈ ಕ್ರಮ ತಪ್ಪು. ವಿಷ ಬಂದ ದಾರಿಯನ್ನೇ ಮರೆತ ಲೆಕ್ಕ ಇದು. ಗುಡ್ಡೆಯ ಮೇಲೆ ಸುರಿದ ಮದ್ದು ಕುಡಿಯುವ ನೀರಿನೊಂದಿಗೆ, ಹಾಲಿನೊಂದಿಗೆ, ಬಸಳೆ ಹರಿವೆಯೊಂದಿಗೆ ಬಾಯಿಯ ಮೂಲಕವೂ ಜನರ ಮೈಸೇರಿತು. ಹಾಗೆ ಸೇರಿದ್ದು ಮೊದಲು ಮುಟ್ಟಿದ ಅಂಗ ಕರುಳು.

ನಡೆದದ್ದನ್ನು ಹೊಸ ತಲೆಮಾರಿಗೆ ಹೇಳಬೇಕು. ಗೇರು ಚಿಗುರುವ, ಹೂ ಬಿಡುವ ಹೊತ್ತಿನಲ್ಲಿ ಎಳೆಯ ಕುಡಿಗಳ ರಸ ಹೀರುವ ಒಂದು ಕೀಟವಿದೆ, ಬೆಳೆಗಾರರು ಅದನ್ನು ಟೀ ಸೊಳ್ಳೆ ಎನ್ನುತ್ತಾರೆ. ಅದನ್ನು ಕೊಲ್ಲಲು ಕರ್ನಾಟಕ ಗೇರು ಅಭಿವೃದ್ಧಿ ನಿಗಮ 1980ರ ಸುಮಾರಿನಿಂದ 2000ದವರೆಗೆ ತನ್ನ ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿತು. ಗಡಿಯಾಚೆ ಕಾಸರಗೋಡಿನಲ್ಲಿ ಕೇರಳದ ಪ್ಲಾಂಟೇಷನ್ ಕಾರ್ಪೊರೇಷನ್ ನಾಲ್ಕು ಸಾವಿರಕ್ಕೂ ಹೆಚ್ಚು ಹೆಕ್ಟೇರ್ ತೋಪಿನ ಮೇಲೆ ಇದನ್ನೇ ಮಾಡಿತು, ಇನ್ನೂ ಮೊದಲೇ ಶುರು ಮಾಡಿತ್ತು. ನಿಗಮದ ತೋಪು ಎಂದರೆ ಬೇಲಿಯೊಳಗಿನ ದೂರದ ಜಾಗವಲ್ಲ. ಗುಡ್ಡೆಯ ನೆತ್ತಿಯಲ್ಲಿ ಗೇರು, ಇಳಿಜಾರಿನಲ್ಲಿ ಮನೆ, ಹಟ್ಟಿ, ಅದರ ಕೆಳಗೆ ಅಡಿಕೆ ತೋಟ, ತಳದಲ್ಲಿ ತೋಡು. ಮೇಲೆ ಬಿದ್ದದ್ದೆಲ್ಲ ಮಳೆಗಾಲದಲ್ಲಿ ಕೆಳಗೆ ಬರಲೇಬೇಕು.

ಕಾಸರಗೋಡಿನ ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಇದು ಇನ್ನೂ ನಿಚ್ಚಳ. ಅಲ್ಲಿಯ ಮನೆಗಳು ನೀರಿಗೆ ಸುರಂಗಗಳನ್ನು ನಂಬಿವೆ. ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ಮನುಷ್ಯ ಬಗ್ಗಿ ನಡೆಯುವಷ್ಟು ಅಗಲಕ್ಕೆ ಕೊರೆದ ಸುರಂಗದೊಳಗೆ ನೀರು ಒಸರಿ, ತಾನಾಗಿ ಹರಿದುಬಂದು, ಬಯಲಲ್ಲಿರುವ ಮಣ್ಣಿನ ಕೆರೆಯಲ್ಲಿ ನಿಲ್ಲುತ್ತದೆ. ಸಿಂಪಡಣೆಯ ದಿನ ಬಾವಿ ಮುಚ್ಚಿಕೊಳ್ಳಿ ಎಂದು ಸೂಚನೆ ಬರುತ್ತಿತ್ತು. ಕೆರೆಯನ್ನು ಮುಚ್ಚುವುದು ಹೇಗೆ, ತೋಡನ್ನು ಮುಚ್ಚುವುದು ಹೇಗೆ? 2001ರಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯಿಂದ ಮಾದರಿಗಳನ್ನು ಒಯ್ದು ಪರೀಕ್ಷಿಸಿದಾಗ ನೀರು, ಮಣ್ಣು, ಹಾಲು, ಜನರ ರಕ್ತ ಎಲ್ಲದರಲ್ಲೂ ಎಂಡೋಸಲ್ಫಾನ್ ಸಿಕ್ಕಿತು. ಅದಕ್ಕೂ ಎಷ್ಟೋ ಮೊದಲು, ಹುಟ್ಟುವ ಕರುಗಳ ಕಾಲು ಸೊಟ್ಟಗಿರುವುದನ್ನು ಕಂಡು 1979ರ ಹೊತ್ತಿಗೇ ಬರೆದವರು ಪತ್ರಕರ್ತ ಶ್ರೀಪಡ್ರೆ. ವಾಣಿನಗರದಲ್ಲಿ ವೈದ್ಯವೃತ್ತಿ ಮಾಡುತ್ತಿದ್ದ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಊರಿನ ಗಾತ್ರಕ್ಕೆ ಮೀರಿದಷ್ಟು ಕಾಯಿಲೆಗಳನ್ನು ಗುರುತಿಸಿ ದಾಖಲಿಸಿದರು. ಒಬ್ಬ ಹಳ್ಳಿ ಡಾಕ್ಟರು, ಒಬ್ಬ ಕೃಷಿ ಪತ್ರಕರ್ತ ಮಾಡಿದ ಈ ಕೆಲಸ ಇಲಾಖೆಗಳು ಮಾಡಬೇಕಿದ್ದ ಕೆಲಸ.

ಮುಂದಿನದು ತಿಳಿದದ್ದೇ. 2011ರ ಆರಂಭದಲ್ಲಿ ಕರ್ನಾಟಕ ನಿಷೇಧ ಹೇರಿತು. ಅದೇ ಏಪ್ರಿಲಿನಲ್ಲಿ ಜಿನೀವಾದಲ್ಲಿ ಸೇರಿದ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನನ್ನು ಕರಗದೆ ಉಳಿಯುವ ವಿಷಗಳ ಪಟ್ಟಿಗೆ ಸೇರಿಸಿದವು. ಮೇ 13ರಂದು ಸುಪ್ರೀಂ ಕೋರ್ಟ್ ದೇಶಾದ್ಯಂತ ತಡೆ ಕೊಟ್ಟಿತು. 2017ರ ಜನವರಿಯಲ್ಲಿ ಅದೇ ಕೋರ್ಟ್ ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದಿತು. ದಕ್ಷಿಣ ಕನ್ನಡದಲ್ಲಿ ಬೆಳ್ತಂಗಡಿ, ಬಂಟ್ವಾಳ, ಪುತ್ತೂರು, ಸುಳ್ಯ, ಕಡಬದ ಉದ್ದಗಲಕ್ಕೂ ಮೂರು ಸಾವಿರಕ್ಕೂ ಹೆಚ್ಚು ಪೀಡಿತರನ್ನು ಗುರುತಿಸಲಾಯಿತು. ಕೊಕ್ಕಡ ಮತ್ತು ಕೊಯಿಲದಲ್ಲಿ ಪಾಲನಾ ಕೇಂದ್ರಗಳು ಬಂದವು. ಕಣ್ಣು ಕಾಣದ ಶ್ರೀಧರ ಗೌಡರಂಥವರು ಮುಂದೆ ನಿಂತು ಹೋರಾಡಿರದಿದ್ದರೆ ಇಷ್ಟೂ ಬರುತ್ತಿರಲಿಲ್ಲ.

ಇನ್ನು ಕರುಳಿನ ಮಾತು.

ಮನುಷ್ಯನ ಕರುಳಿನ ಒಳಮೈಯನ್ನು ಬಿಡಿಸಿ ಹರಡಿದರೆ ಸುಮಾರು 30 ಚದರ ಮೀಟರ್ ಆದೀತು. ಆಹಾರ ಹರಿಯುವ ಆ ಇಡೀ ಮೈಗೂ ರಕ್ತಕ್ಕೂ ನಡುವೆ ಇರುವುದು ಒಂದೇ ಒಂದು ಜೀವಕೋಶದಷ್ಟು ದಪ್ಪದ ಪದರ, ಅದರ ಮೇಲೆ ಲೋಳೆ. ನಾಲ್ಕೈದು ದಿನಕ್ಕೊಮ್ಮೆ ಹಳೆಯ ಕೋಶ ಉದುರಿ ಹೊಸದು ಬರುತ್ತದೆ. ಅಕ್ಕಪಕ್ಕದ ಕೋಶಗಳನ್ನು ಒತ್ತಾಗಿ ಹೊಲಿಯುವ ಪ್ರೋಟೀನುಗಳಿವೆ. ಕರಾವಳಿಯ ಹಂಚಿನ ಮಾಡಿನಂತೆ ಈ ಪದರ: ಎಲ್ಲ ಹಂಚೂ ಒಂದಕ್ಕೊಂದು ಕೂತಿದ್ದರೆ ಆಟಿಯ ಮಳೆಗೂ ಹನಿ ಇಳಿಯುವುದಿಲ್ಲ, ಒಂದು ಹಂಚು ಜರುಗಿದರೆ ಕೋಣೆಯೆಲ್ಲ ಒದ್ದೆ. ಹೊಲಿಗೆ ಸಡಿಲವಾದರೆ ಕರುಳಿನಲ್ಲಿ ಇರಬೇಕಾದ ಬ್ಯಾಕ್ಟೀರಿಯಾದ ಚೂರುಗಳು ಒಳಗೆ ನುಸುಳುತ್ತವೆ, ದೇಹದ ಕಾವಲು ಪಡೆ ಯುದ್ಧಕ್ಕೆ ಇಳಿಯುತ್ತದೆ. ಆ ಯುದ್ಧ ನಿಲ್ಲದೆ ನಡೆದರೆ ಅದೇ ಉರಿಯೂತ.

ಕರಗದೆ ಉಳಿಯುವ ವಿಷಗಳು ಈ ಹೊಲಿಗೆಯನ್ನು ಬಿಚ್ಚುವುದನ್ನು ಇಲಿಗಳಲ್ಲಿ ನೋಡಲಾಗಿದೆ. ಹಳೆಯ ಟ್ರಾನ್ಸ್‌ಫಾರ್ಮರ್ ಎಣ್ಣೆಗಳಲ್ಲಿ ಇರುತ್ತಿದ್ದ ಪಿಸಿಬಿ ಎಂಬ ಕ್ಲೋರಿನ್ ಸಂಯುಕ್ತವನ್ನು ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದವರು ಇಲಿಗಳಿಗೆ ತಿನ್ನಿಸಿದಾಗ ಹೊಲಿಗೆಯ ಪ್ರೋಟೀನು ಕಡಿಮೆಯಾಗಿ ಕರುಳು ಸೋರತೊಡಗಿತು. 2010ರಲ್ಲಿ ಅದು ಪ್ರಕಟವಾಯಿತು. ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು ಡಯಾಕ್ಸಿನ್ ಬಳಗದ ಇನ್ನೊಂದು ವಸ್ತುವನ್ನು ಕೊಟ್ಟಾಗ ಇಲಿಗಳ ಕರುಳಿನ ಬ್ಯಾಕ್ಟೀರಿಯಾಗಳ ಪಂಗಡಗಳೇ ಏರುಪೇರಾಗಿ, ಪಿತ್ತರಸದ ವ್ಯವಸ್ಥೆ ಕೆಟ್ಟು, ಉರಿಯೂತ ಕಂಡುಬಂತು. ಅದು 2015ರಲ್ಲಿ. ಎರಡನೆಯ ಪ್ರಯೋಗದಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಡಯಾಕ್ಸಿನ್ ಬಳಗದ ವಿಷಗಳು ಜೀವಕೋಶದೊಳಗಿನ ಎಎಚ್‌ಆರ್ ಎಂಬ ಒಂದು ಗ್ರಾಹಿಯ (ರಿಸೆಪ್ಟರ್) ಮೂಲಕ ಕೆಲಸ ಮಾಡುತ್ತವೆ, ಆ ಗ್ರಾಹಿ ಇಲ್ಲದ ಇಲಿಗಳಲ್ಲಿ ಆ ತೊಂದರೆ ಕಾಣಲಿಲ್ಲ.

ಆ ಗ್ರಾಹಿ ವಿಷಕ್ಕಾಗಿ ಹುಟ್ಟಿದ್ದಲ್ಲ. ಎಲೆಕೋಸು, ಸಾಸಿವೆ ಬಳಗದ ಸೊಪ್ಪುಗಳಿಂದ ಬರುವ ಅಂಶಗಳನ್ನು ಗುರುತಿಸಿ ಕರುಳಿನ ಕಾವಲು ಕೋಶಗಳನ್ನು ಉಳಿಸಿಕೊಳ್ಳುವುದು ಅದರ ಕೆಲಸಗಳಲ್ಲೊಂದು ಎಂದು ಕೇಂಬ್ರಿಡ್ಜ್ ಬಳಿಯ ಬಾಬ್ರಹಮ್ ಸಂಸ್ಥೆ 2011ರಲ್ಲಿ ತೋರಿಸಿತ್ತು. ಸೊಪ್ಪಿನಿಂದ ಬಂದ ಅಂಶ ಬಂದು ಕೆಲಸ ಮುಗಿಸಿ ಹೋಗುತ್ತದೆ. ಡಯಾಕ್ಸಿನ್ ಬಂದು ಕೂತರೆ ಏಳುವುದಿಲ್ಲ. ಈ ಗ್ರಾಹಿ ಚುರುಕಾಗುವುದರ ಪರಿಣಾಮ ಎಲ್ಲ ಪ್ರಯೋಗದಲ್ಲೂ ಒಂದೇ ದಿಕ್ಕಿಗೆ ಇರುತ್ತದೆ ಎನ್ನುವಂತಿಲ್ಲ. ಕೆಲವು ಪ್ರಯೋಗಗಳಲ್ಲಿ ಇದೇ ಗ್ರಾಹಿ ಚುರುಕಾದಾಗ ಕರುಳಿನ ಉರಿಯೂತ ಇಳಿದದ್ದೂ ಉಂಟು. ಇಲಿಯಲ್ಲಿ ಕಂಡದ್ದನ್ನು ಹಾಗೆಯೇ ಎತ್ತಿ ಪಟ್ರಮೆಯ ಮನುಷ್ಯನ ಮೇಲೆ ಹೊರಿಸುವುದು ವಿಜ್ಞಾನವೂ ಅಲ್ಲ, ನ್ಯಾಯವೂ ಅಲ್ಲ. ಮನುಷ್ಯರನ್ನೇ ಕೇಳಬೇಕು, ಮನುಷ್ಯರನ್ನೇ ಪರೀಕ್ಷಿಸಬೇಕು.

ಹಾಗೆ ಕೇಳಿದ ಊರೊಂದಿದೆ. ಅಮೆರಿಕದ ವೆಸ್ಟ್ ವರ್ಜೀನಿಯಾದ ಪಾರ್ಕರ್ಸ್‌ಬರ್ಗ್ ಬಳಿ ಡುಪಾಂಟ್ ಕಂಪನಿಯ ಕಾರ್ಖಾನೆ ಟೆಫ್ಲಾನ್ ತಯಾರಿಸುತ್ತಿತ್ತು. ಅದರಲ್ಲಿ ಬಳಸುವ ಪಿಎಫ್‌ಒಎ ಎಂಬ ರಾಸಾಯನಿಕ ಓಹಾಯೊ ನದಿಯ ಎರಡೂ ದಡದ ಕುಡಿಯುವ ನೀರಿಗೆ ಸೇರಿತ್ತು. ಒಬ್ಬ ದನಗಾಹಿಯ ಹಸುಗಳು ಸಾಯತೊಡಗಿದ್ದರಿಂದ ವಿಷಯ ಹೊರಬಂತು, ರಾಬ್ ಬಿಲಟ್ ಎಂಬ ವಕೀಲರು ಜನರ ಪರ ನಿಂತರು. ಪಡ್ರೆಯ ಕರುಗಳನ್ನು ಬಲ್ಲವರಿಗೆ ಈ ಆರಂಭ ಅಪರಿಚಿತವಲ್ಲ. ರಾಜಿಯಲ್ಲಿ ಬಂದ ಸುಮಾರು 7 ಕೋಟಿ ಡಾಲರನ್ನು ಅಲ್ಲಿಯವರು ತಲೆಗಿಷ್ಟೆಂದು ಸುಮ್ಮನೆ ಹಂಚಿಕೊಳ್ಳಲಿಲ್ಲ, ಆರೋಗ್ಯ ಸಮೀಕ್ಷೆಗೆ ಹಾಕಿದರು. ರಕ್ತ ಕೊಟ್ಟು ಪ್ರಶ್ನಾವಳಿ ತುಂಬಿದವರಿಗೆ 400 ಡಾಲರ್. ಸುಮಾರು 69,000 ಜನ ಬಂದರು. ಕಂಪನಿಯೂ ಜನರೂ ಒಪ್ಪಿದ ಮೂವರು ಎಪಿಡೆಮಿಯಾಲಜಿ ತಜ್ಞರು ವರ್ಷಗಟ್ಟಲೆ ಕೂತು ಲೆಕ್ಕ ಹಾಕಿ 2012ರಲ್ಲಿ ತೀರ್ಪು ಕೊಟ್ಟರು: ಈ ರಾಸಾಯನಿಕಕ್ಕೂ ಆರು ಕಾಯಿಲೆಗಳಿಗೂ ನಂಟಿರುವ ಸಂಭವ ಹೆಚ್ಚು. ಕಿಡ್ನಿ ಮತ್ತು ವೃಷಣದ ಕ್ಯಾನ್ಸರ್, ಥೈರಾಯ್ಡ್, ಕೊಲೆಸ್ಟರಾಲ್, ಬಸುರಿಯರ ರಕ್ತದೊತ್ತಡ, ಮತ್ತೆ ಅಲ್ಸರೇಟಿವ್ ಕೊಲೈಟಿಸ್. ಅಂದರೆ ದೊಡ್ಡ ಕರುಳಿನ ಒಳಪದರ ಹುಣ್ಣಾಗಿ ರಕ್ತ ಸುರಿಸುವ ಕಾಯಿಲೆ. ಕರುಳಿನದೇ ಇನ್ನೊಂದು ಉರಿಯೂತವಾದ ಕ್ರೋನ್ಸ್ ಕಾಯಿಲೆಗೆ ಅಂಥ ನಂಟು ಸಿಗಲಿಲ್ಲ. ಇಷ್ಟು ನಿಖರವಾಗಿ ಹೇಳಲು ಅವರಿಗೆ ಸಾಧ್ಯವಾದದ್ದು ತಲೆಯಿಂದ ಕಾಲಿನವರೆಗೆ ಎಲ್ಲವನ್ನೂ ಕೇಳಿದ್ದರಿಂದ. ಅಂಗವೈಕಲ್ಯ ಎಷ್ಟು ಶೇಕಡಾ ಎಂದು ಮಾತ್ರ ಕೇಳಿದ್ದರೆ ಕರುಳು ಅಲ್ಲಿಯೂ ಕಾಣುತ್ತಿರಲಿಲ್ಲ.

ಪಕ್ಕದ ತಮಿಳುನಾಡಿನಲ್ಲೂ ಒಂದು ಮಾದರಿಯಿದೆ. ಮದುರೈ ಕಾಮರಾಜ್ ವಿಶ್ವವಿದ್ಯಾಲಯದ ಸಂಶೋಧಕರು ಮದುರೈ ಸುತ್ತಲಿನ ಹಳ್ಳಿಗಳ 3,080 ಜನರನ್ನು ಪರೀಕ್ಷಿಸಿದಾಗ ಕೀಟನಾಶಕದ ನೇರ ಸಂಪರ್ಕ ಇರುವವರಲ್ಲಿ ಸಕ್ಕರೆ ಕಾಯಿಲೆ ಶೇ. 18.3, ಇಲ್ಲದವರಲ್ಲಿ ಶೇ. 6.2. ಅಲ್ಲಿಗೆ ನಿಲ್ಲದೆ ಇಲಿಗಳಿಗೆ 180 ದಿನ ಮೊನೊಕ್ರೊಟೊಫಾಸ್ ಕೊಟ್ಟು ನೋಡಿದರು. ಕರುಳಿನ ಬ್ಯಾಕ್ಟೀರಿಯಾಗಳೇ ಆ ಕೀಟನಾಶಕವನ್ನು ಒಡೆದು, ಒಡೆದ ಚೂರುಗಳು ಸಕ್ಕರೆ ಏರಿಸುತ್ತಿದ್ದವು. 2017ರಲ್ಲಿ ಇದು ಪ್ರಕಟವಾಯಿತು. ಮೊನೊಕ್ರೊಟೊಫಾಸ್ ಎಂಡೋಸಲ್ಫಾನಿನಂತೆ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವ ಜಾತಿಯದಲ್ಲ. ಆದರೂ ಹಳ್ಳಿಯ ಪ್ರಶ್ನೆಯನ್ನು ಹಳ್ಳಿಯಲ್ಲೇ ಹಿಡಿದು, ಪ್ರಯೋಗಾಲಯದವರೆಗೆ ಒಯ್ದು, ಕರುಳಿನಲ್ಲಿ ಉತ್ತರ ಹುಡುಕಬಹುದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಎಂಡೋಸಲ್ಫಾನ್ ಸಿಂಪಡಣೆ ನಿಂತು ಕಾಲು ಶತಮಾನ ಆಯಿತು, ಅದು ದೇಹದಿಂದ ಬೇಗ ಹೊರಹೋಗುವ ವಿಷ, ಈಗ ಕರುಳು ನೋಡಿ ಏನು ಪ್ರಯೋಜನ ಎಂಬ ವಾದವಿದೆ. ಅದರಲ್ಲಿ ಅರ್ಧ ಸತ್ಯವಿದೆ. ಡಿಡಿಟಿಗೆ ಹೋಲಿಸಿದರೆ ಎಂಡೋಸಲ್ಫಾನ್ ದೇಹದಲ್ಲಿ ನಿಲ್ಲುವ ಕಾಲ ಕಡಿಮೆ. ಪಿತ್ತಕೋಶವನ್ನು ಹಾದು ಹೆಚ್ಚಿನ ಪಾಲು ಮಲದಲ್ಲೇ ಹೋಗುತ್ತದೆ. ಅಂದರೆ ಬರುವಾಗಲೂ ಕರುಳು, ಹೋಗುವಾಗಲೂ ಕರುಳು. ಮಣ್ಣಿನ ಕಥೆ ಬೇರೆ. ಎಂಡೋಸಲ್ಫಾನ್ ಮತ್ತು ಅದು ಮಾರ್ಪಟ್ಟು ಆಗುವ ಸಲ್ಫೇಟ್ ಎರಡನ್ನೂ ಸೇರಿಸಿದರೆ ಅರ್ಧದಷ್ಟು ಕರಗಲು 9 ತಿಂಗಳಿಂದ 6 ವರ್ಷ ಬೇಕೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅಂದಾಜಿಸಿದೆ. ಉಳಿದ ದಾಸ್ತಾನಿನದು ಇನ್ನೊಂದು ಕಥೆ. ಗಡಿಯ ಮಿಂಚಿನಪದವಿನ ಗೇರು ತೋಪಿನ ಹಾಳುಬಾವಿಯಲ್ಲಿ ಎಂಡೋಸಲ್ಫಾನ್ ಹೂಳಲಾಗಿದೆ ಎಂಬ ದೂರನ್ನು ಉಡುಪಿಯ ಮಾನವ ಹಕ್ಕು ಹೋರಾಟಗಾರ ಡಾ. ರವೀಂದ್ರನಾಥ ಶಾನುಭಾಗ್ ಚೆನ್ನೈನ ಹಸಿರು ನ್ಯಾಯಮಂಡಳಿಯವರೆಗೆ ಒಯ್ಯಬೇಕಾಯಿತು. ಸಿಂಪಡಣೆಯ ಆ ಇಪ್ಪತ್ತು ವರ್ಷಗಳಲ್ಲಿ ಹುಟ್ಟಿ ನೀರಿನಲ್ಲಿ, ಹಾಲಿನಲ್ಲಿ ವಿಷ ಕುಡಿದ ಮಕ್ಕಳು ಇಂದು ಮೂವತ್ತು, ನಲವತ್ತರ ಪ್ರಾಯದವರು. ಕರುಳಿನ ಉರಿಯೂತ ಹೆಚ್ಚಾಗಿ ಹಿಡಿಯುವ ಪ್ರಾಯವೂ ಅದರ ಆಸುಪಾಸೇ.

ಜತೆಗೆ ಇದು ಹೆಲಿಕಾಪ್ಟರಿನೊಂದಿಗೆ ಮುಗಿದ ಅಧ್ಯಾಯವಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಹಳ್ಳಿಗಳಲ್ಲಿ ಬೆಳಗಿನ ಆರು ಗಂಟೆಗೆ ಬಚ್ಚಲಿನ ಹಂಡೆ ಒಲೆ ಹೊತ್ತಿಸುವುದನ್ನು ನೋಡಿದರೆ ಸಾಕು. ತೆಂಗಿನ ಮಡಲು, ಅಡಿಕೆ ಸಿಪ್ಪೆ, ಸೋಗೆ ಒಲೆಗೆ ಹೋಗುತ್ತವೆ. ಮಳೆಗಾಲದಲ್ಲಿ ಎಲ್ಲವೂ ಒದ್ದೆ, ಬೆಂಕಿ ಹತ್ತುವುದಿಲ್ಲ. ಆಗ ನಿನ್ನೆಯ ಹಾಲಿನ ತೊಟ್ಟೆ, ಚಿಪ್ಸಿನ ಪ್ಯಾಕೆಟ್ಟು, ಹರಿದ ಚಪ್ಪಲಿ, ಕೆಲವು ಕಡೆ ಪಿವಿಸಿ ಪೈಪಿನ ತುಂಡು. ಕಪ್ಪು ಹೊಗೆ ಎದ್ದು ನೀರು ಬೇಗ ಕಾಯುತ್ತದೆ. ಕ್ಲೋರಿನ್ ಇರುವ ಪ್ಲಾಸ್ಟಿಕ್ ಹೀಗೆ ಕಡಿಮೆ ಕಾವಿನಲ್ಲಿ ಅರೆಬರೆ ಉರಿದಾಗ ಡಯಾಕ್ಸಿನ್ ಹುಟ್ಟುತ್ತದೆ. ಅದು ನಾಶವಾಗಬೇಕಾದರೆ 850 ಡಿಗ್ರಿಗೂ ಮೀರಿದ ಕಾವು ಬೇಕು, ಹಂಡೆಯ ಒಲೆಗೆ ಆ ಶಕ್ತಿಯಿಲ್ಲ. ಹೊಗೆಯೊಂದಿಗೆ ಹಾರಿದ್ದು ಹಿತ್ತಿಲ ಹುಲ್ಲಿನ ಮೇಲೆ ಕೂರುತ್ತದೆ, ದನ ಅದನ್ನು ಮೇಯುತ್ತದೆ, ಕೊಬ್ಬಿನಲ್ಲಿ ಕರಗುವ ವಿಷವಾದ್ದರಿಂದ ಹಾಲಿನ ಕೆನೆಗೆ ಬರುತ್ತದೆ. ಬೂದಿಯನ್ನು ಬಸಳೆ ಚಪ್ಪರದ ಬುಡಕ್ಕೆ ಹಾಕುವುದು ವಾಡಿಕೆ. ಮನುಷ್ಯನ ದೇಹಕ್ಕೆ ಸೇರುವ ಡಯಾಕ್ಸಿನ್‌ನಲ್ಲಿ ಶೇ. 90ಕ್ಕೂ ಹೆಚ್ಚು ಪಾಲು ಆಹಾರದಿಂದ ಬರುತ್ತದೆ, ಹಾಲು, ಮಾಂಸ, ಮೀನು ಅದರಲ್ಲಿ ಮುಖ್ಯ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಳಗೆ ಸೇರಿದ್ದರಲ್ಲಿ ಅರ್ಧ ಹೋಗಲು 7ರಿಂದ 11 ವರ್ಷ.

ಅತಿಯಾದರೆ ಡಯಾಕ್ಸಿನ್ ಕರುಳಿಗೆ ಏನು ಮಾಡುತ್ತದೆ ಎಂಬುದಕ್ಕೆ ಉಕ್ರೇನಿನ ರಾಜಕಾರಣಿ ವಿಕ್ಟರ್ ಯುಶ್ಚೆಂಕೊ ಉದಾಹರಣೆ. 2004ರ ಸೆಪ್ಟೆಂಬರಿನಲ್ಲಿ ಅವರಿಗೆ ಡಯಾಕ್ಸಿನ್ ಉಣ್ಣಿಸಲಾಗಿತ್ತು. ಜಗತ್ತು ನೋಡಿದ್ದು ಹುಣ್ಣಾದ ಅವರ ಮುಖವನ್ನು. ಅವರು ವಿಯೆನ್ನಾದ ಆಸ್ಪತ್ರೆಗೆ ಓಡಿದ್ದು ತಾಳಲಾರದ ಹೊಟ್ಟೆನೋವಿನಿಂದ, ಅಲ್ಲಿ ಕಂಡದ್ದು ಜೀರ್ಣಾಂಗದ ಹುಣ್ಣುಗಳು. ಹಂಡೆ ಒಲೆಯ ಪ್ರಮಾಣ ಅದಕ್ಕಿಂತ ಎಷ್ಟೋ ಪಾಲು ಕಡಿಮೆ. ಆದರೆ ಅದು ವರ್ಷದ ಅಷ್ಟೂ ದಿನ, ಮನೆಮನೆಯಲ್ಲಿ ನಡೆಯುತ್ತದೆ.

ಮನೆಯವರನ್ನು ದೂರಿ ಫಲವಿಲ್ಲ. ಪೇಟೆಯಿಂದ ಒಳಗಿನ ಮನೆಗಳಿಗೆ ಒಣ ಕಸ ಒಯ್ಯುವ ಗಾಡಿ ವಾರಕ್ಕೊಮ್ಮೆಯಾದರೂ ಬಂದರೆ ತೊಟ್ಟೆ ಒಲೆಗೆ ಹೋಗುವುದಿಲ್ಲ. ಒಯ್ದ ಮೇಲೆ ಒಂದೆಡೆ ಗುಡ್ಡೆ ಹಾಕಿದರೂ ಆಗದು. 2019ರ ಆಗಸ್ಟಿನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಮಳೆಗೆ ಜರಿದು ಮಂದಾರದ ಅಡಿಕೆ ತೋಟ, ಮನೆಗಳನ್ನು ನುಂಗಿದ್ದು ಜಿಲ್ಲೆಗೆ ಮರೆತಿಲ್ಲ. ಬೆಳ್ತಂಗಡಿ ಬಂಟ್ವಾಳದ ನೀರು ನೇತ್ರಾವತಿಯಾಗಿ ತುಂಬೆ ಅಣೆಕಟ್ಟಿಗೆ ಬಂದು ಮಂಗಳೂರಿನ ನಲ್ಲಿಯಲ್ಲಿ ಬೀಳುತ್ತದೆ. ವೇಣೂರು, ಮೂಡುಬಿದಿರೆ ಕಡೆಯದು ಫಲ್ಗುಣಿಗೆ ಸೇರುತ್ತದೆ. ಮೇಲಿನ ತಾಲೂಕುಗಳ ಹಿತ್ತಿಲಲ್ಲಿ ಸುಟ್ಟದ್ದು ಕೆಳಗಿನ ನಗರದ ಹೊಟ್ಟೆಗೂ ಸಂಬಂಧಿಸಿದ್ದು. ಆದ್ದರಿಂದ ಕಸದ ಗಾಡಿಯ ಖರ್ಚಿನಲ್ಲಿ ಮಂಗಳೂರು ಮಹಾನಗರ ಪಾಲಿಕೆಯೂ ಪಾಲು ಕೊಡಬೇಕು.

ಪೀಡಿತರ ವಿಷಯದಲ್ಲಿ ಮಾಡಬೇಕಾದದ್ದು ಕಷ್ಟದ್ದಲ್ಲ. ಕರುಳಿನಲ್ಲಿ ಉರಿಯೂತವಿದ್ದರೆ ಬಿಳಿ ರಕ್ತಕಣಗಳು ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನನ್ನು ಬಿಡುತ್ತವೆ, ಅದು ಮಲದಲ್ಲಿ ಸಿಗುತ್ತದೆ. ಸೂಜಿ ಬೇಡ, ಕೊಳವೆ ಇಳಿಸುವುದು ಬೇಡ, ಮಾತು ಬಾರದ ಮಗುವನ್ನು ಮಂಗಳೂರಿಗೆ ಹೊತ್ತೊಯ್ಯುವುದೂ ಬೇಡ. ಆಶಾ ಕಾರ್ಯಕರ್ತೆ ಮನೆಗೆ ಒಂದು ಡಬ್ಬಿ ಕೊಟ್ಟು ಮರುದಿನ ಒಯ್ದರೆ ಸಾಕು. ಅಂಕಿ ಏರಿದ್ದವರನ್ನು ಮಾತ್ರ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೆ ಕಳಿಸಿ ಕೊಲೊನೋಸ್ಕೋಪಿ ಮಾಡಿಸಬಹುದು. ಹೋಲಿಕೆಗೆ ಸಿಂಪಡಣೆ ಆಗದ ಊರುಗಳ ಅಷ್ಟೇ ಜನರನ್ನೂ ಪರೀಕ್ಷಿಸಬೇಕು, ಇಲ್ಲದಿದ್ದರೆ ಲೆಕ್ಕಕ್ಕೆ ಅರ್ಥವಿಲ್ಲ. ಸೆರೆಬ್ರಲ್ ಪಾಲ್ಸಿ ಇರುವ ಮಗು ಊಟ ಬಿಟ್ಟು ಅತ್ತರೆ ಅದು ಹಟವೋ ಕರುಳಿನ ನೋವೋ ತಿಳಿಯದೆ ವರ್ಷಗಟ್ಟಲೆ ಒದ್ದಾಡುವ ತಾಯಂದಿರಿಗೆ ಈ ಪರೀಕ್ಷೆಯೊಂದೇ ದೊಡ್ಡ ಉಪಕಾರ.

ಊರಿನ ದವಾಖಾನೆಗಳಲ್ಲೂ ಒಂದು ಬದಲಾವಣೆ ಬೇಕು. ರಕ್ತ, ಲೋಳೆ ಬಿದ್ದರೆ ಆಮಶಂಕೆ, ಹೊಟ್ಟೆ ಉಬ್ಬರಿಸಿದರೆ ಗ್ಯಾಸ್ಟ್ರಿಕ್, ಬರೀ ರಕ್ತವಾದರೆ ಮೂಲವ್ಯಾಧಿ ಎಂದು ಮಾತ್ರೆ ಬರೆಯುವುದು ರೂಢಿ. ಅಲ್ಸರೇಟಿವ್ ಕೊಲೈಟಿಸ್ ಶ್ರೀಮಂತ ದೇಶಗಳ ಕಾಯಿಲೆ ಎಂಬ ನಂಬಿಕೆ ವೈದ್ಯರಲ್ಲೂ ಇತ್ತು. ಪಂಜಾಬಿನ ಲುಧಿಯಾನದಲ್ಲಿ ಮನೆಮನೆಗೆ ಹೋಗಿ ನೋಡಿ 2003ರಲ್ಲಿ ಪ್ರಕಟಿಸಿದ ಅಧ್ಯಯನ ಲಕ್ಷಕ್ಕೆ 44 ಜನರಲ್ಲಿ ಅದನ್ನು ಕಂಡು ಆ ನಂಬಿಕೆಯನ್ನು ಮುರಿಯಿತು. ಆರು ವಾರ ದಾಟಿದ ಭೇದಿಗೆ ಇನ್ನೊಂದು ಕೋರ್ಸ್ ಆಂಟಿಬಯೋಟಿಕ್ ಬರೆಯುವ ಮೊದಲು ಊರು ಯಾವುದು, ಗೇರು ತೋಪು ಎಷ್ಟು ದೂರ, ನೀರು ಎಲ್ಲಿಯದು ಎಂದು ಕೇಳುವುದಕ್ಕೆ ಖರ್ಚೇನೂ ಇಲ್ಲ.

ಕಾಯ್ದೆಯ 21ರ ಪಟ್ಟಿಗೆ ಕರುಳನ್ನು ಸೇರಿಸುವ ಅಧಿಕಾರ ಕೇಂದ್ರದ್ದು, ಅದಕ್ಕೆ ಕಾಲ ಹಿಡಿದೀತು. ಎಂಡೋಸಲ್ಫಾನ್ ಮಾಸಾಶನವಾದರೋ ರಾಜ್ಯ ಸರಕಾರದ್ದೇ ಯೋಜನೆ. ಮುಂದಿನ ವೈದ್ಯಕೀಯ ಶಿಬಿರದ ನಮೂನೆಯಲ್ಲಿ ಹೊಟ್ಟೆಗೊಂದು ಪುಟ ಸೇರಿಸಲು, ಉರಿಯೂತ ಖಚಿತವಾದವರಿಗೆ ಶೇಕಡಾ ಅಂಕಿಯ ಹಂಗಿಲ್ಲದೆ ಔಷಧಿ ಕೊಡಲು ಬೆಂಗಳೂರಿನಿಂದ ಒಂದು ಆದೇಶ ಹೊರಟರೆ ಸಾಕು. ಜಿಲ್ಲೆಯ ಶಾಸಕರು ಮುಂದಿನ ಅಧಿವೇಶನದಲ್ಲಿ ಆರೋಗ್ಯ ಸಚಿವರಿಗೆ ಕೇಳಬೇಕಾದ ಪ್ರಶ್ನೆ ಇದು, ಪಕ್ಷ ಯಾವುದಾದರೂ ಆಗಲಿ.